ತುಪ್ಪಳ, ಉರುಲು ಮತ್ತು ಪದಬಂಧ: ದಾವಣಗೆರೆ ಸೀಮೆಯ ಪದಸಂಪತ್ತು

ತುಪ್ಪಳ, ಉಣ್ಣೆ, ತೊಗಲು, ಜೂಲು. ಬಲೆ, ಉರುಲು, ಕುಣಿಕೆ, ಬೋನು. ಮೊದಲ ನಾಲ್ಕು ಪ್ರಾಣಿಯ ಮೈಗೆ ಸೇರಿದವು, ಉಳಿದ ನಾಲ್ಕು ಅದನ್ನು ಹಿಡಿಯುವ ಕೆಲಸಕ್ಕೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಈ ಎರಡೂ ಬಗೆಯ ಪದಗಳಿಗೆ ಇನ್ನೂ ಜೀವವಿದೆ. ಪತ್ರಿಕೆಯ ಪದಬಂಧ ಬಿಡಿಸುವವರಿಗಂತೂ ಇವು ಹಳೆಯ ಪರಿಚಯ. ಎರಡು ಮೂರು ಮನೆಗಳಲ್ಲಿ ಮುಗಿಯುವ ಗಟ್ಟಿ ಪದಗಳೆಂದರೆ ಪದಬಂಧ ಕಟ್ಟುವವರಿಗೆ ಬಲು ಪ್ರೀತಿ.

ಈ ನಾಲ್ಕು ತಾಲ್ಲೂಕುಗಳು ಆಡಳಿತದ ಲೆಕ್ಕದಲ್ಲಿ ಒಂದೇ ಜಿಲ್ಲೆಯವಾದರೂ ನೆಲದ ಲೆಕ್ಕದಲ್ಲಿ ಬೇರೆ ಬೇರೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ 2018ರಲ್ಲಿ ಹೊನ್ನಾಳಿಯಿಂದ ಒಡೆದು ತಾಲ್ಲೂಕಾಯಿತು. ಒಂದು ಕಡೆ ಅಡಿಕೆ ತೋಟ, ಕಾಡಂಚು, ತುಂಗಭದ್ರೆ. ಇನ್ನೊಂದು ಕಡೆ ಮಳೆಗಾಗಿ ಕಾಯುವ ಬಯಲು, ಕುರುಚಲು ಗುಡ್ಡ, ಕುರಿಹಿಂಡು. ಪದಗಳೂ ಹೀಗೆಯೇ ಹಂಚಿಹೋಗಿವೆ: ಮೈಗೂದಲಿನ ಮಾತು ಹೆಚ್ಚಾಗಿ ಬಯಲಿನದು, ಹಿಡಿಯುವ ಮಾತು ಹೆಚ್ಚಾಗಿ ಕಾಡಂಚಿನದು.

ಚಳಿನಾಡುಗಳಲ್ಲಿ ಹೀಗಿಲ್ಲ. ಅಲ್ಲಿ ತುಪ್ಪಳಕ್ಕಾಗಿಯೇ ಬೇಟೆ. 1670ರಲ್ಲಿ ಸನ್ನದು ಪಡೆದ ಹಡ್ಸನ್ಸ್ ಬೇ ಕಂಪನಿ ಬೀವರ್ ಎಂಬ ನೀರುಪ್ರಾಣಿಯ ತೊಗಲಿನ ವ್ಯಾಪಾರದಿಂದಲೇ ಕೆನಡಾದ ಬಹುಭಾಗವನ್ನು ತನ್ನ ಹಿಡಿತಕ್ಕೆ ತಂದುಕೊಂಡಿತು. ಹಾಗಾಗಿ ಇಂಗ್ಲಿಷ್ ಪದಬಂಧಗಳಲ್ಲಿ ಮಿಂಕ್, ಸೇಬಲ್, ಅರ್ಮಿನ್ ಮುಂತಾದ ತುಪ್ಪಳದ ಹೆಸರುಗಳೂ ಬೋನು ಉರುಲುಗಳ ಹೆಸರುಗಳೂ ಒಂದೇ ಕಸುಬಿನ ಮಾತಾಗಿ ಜೊತೆಜೊತೆಗೆ ಬರುತ್ತವೆ. ಕನ್ನಡದಲ್ಲಿ ಉಣ್ಣೆ ಕೊಟ್ಟದ್ದು ಸಾಕಿದ ಕುರಿ. ಬಲೆ ಬೀಸಿದ್ದು ಹೊಟ್ಟೆಗೆ, ಬೆಳೆ ಕಾಯುವುದಕ್ಕೆ. ಬಿಸಿಲುನಾಡಿನ ಕಾಡುಪ್ರಾಣಿಗಳ ಮೈಮೇಲೆ ಕೋಟು ಹೊಲಿಸುವಷ್ಟು ದಟ್ಟ ತುಪ್ಪಳ ಬೆಳೆಯುವುದೂ ಅಪರೂಪ. ಹೀಗಾಗಿ ಇಲ್ಲಿ ಮೈಗೂದಲಿನ ಪದಕುಲವೇ ಬೇರೆ, ಬೇಟೆಯ ಪದಕುಲವೇ ಬೇರೆ. ಅವು ಸಂಧಿಸುವ ಜಾಗಗಳು ಕಡಿಮೆ, ಆದರೆ ಸಂಧಿಸಿದ ಕಡೆ ಸ್ವಾರಸ್ಯ ಹೆಚ್ಚು.

ಪದಬಂಧದ ಆಟ ಶುರುವಾದದ್ದು 1913ರ ಡಿಸೆಂಬರ್ 21ರಂದು, ಆರ್ಥರ್ ವಿನ್ ಎಂಬಾತ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಗೆ ಕಟ್ಟಿಕೊಟ್ಟ ಒಗಟಿನಿಂದ. ಕನ್ನಡಕ್ಕೆ ಬಂದಾಗ ಅದರ ಲೆಕ್ಕಾಚಾರ ಬದಲಾಯಿತು. ಇಲ್ಲಿ ಒಂದು ಮನೆಗೆ ಒಂದು ಅಕ್ಷರ. ಕಾಗುಣಿತವೂ ಒತ್ತೂ ಸೇರಿದ ಇಡೀ ಅಕ್ಷರ. ‘ಉಣ್ಣೆ’ಗೆ ಎರಡೇ ಮನೆ, ‘ಕೃಷ್ಣಾಜಿನ’ಕ್ಕೆ ನಾಲ್ಕು. ಅನುಕೂಲದ ಜೊತೆಗೆ ಇಕ್ಕಟ್ಟೂ ಇದೆ: ‘ಬಲೆ’ಯ ಬಕಾರವೂ ‘ಬೋನಿ’ನ ಬೋಕಾರವೂ ಒಂದೇ ಮನೆಯಲ್ಲಿ ಬಾಳಲಾರವು. ಎಡದಿಂದ ಬಲಕ್ಕೆ ‘ಕಂಬಳಿ’ ಹಾಸಿದರೆ ಅದರ ನಡುಮನೆಯಿಂದ ಕೆಳಕ್ಕೆ ‘ಬಲೆ’ಯನ್ನು ಇಳಿಬಿಡಬಹುದು. ಕುರುಬರ ಪದವೂ ಬೇಡರ ಪದವೂ ಒಂದು ಅಕ್ಷರದಲ್ಲಿ ಸೇರುವುದು ಹೀಗೆ.

ಮೈಗೂದಲಿನ ಪದಗಳಲ್ಲಿ ಕೂದಲು ಎಲ್ಲಕ್ಕೂ ಸಲ್ಲುತ್ತದೆ, ರೋಮ ಗ್ರಂಥಸ್ಥ. ಪದಬಂಧಕ್ಕೆ ಎರಡನೆಯದೇ ಲಾಭ, ‘ಇಟಲಿಯ ರಾಜಧಾನಿ ಮೈತುಂಬ (2)’ ಎಂದು ಕೇಳಿ ಬಿಡಿಸುವವರನ್ನು ದಾರಿ ತಪ್ಪಿಸಬಹುದು. ತುಪ್ಪಳ, ತುಪ್ಪುಳ, ತುಪ್ಪಟ ಎಂಬ ರೂಪಗಳು ಮೃದುವಾದ ಮೈಗೂದಲಿಗೂ ಹಕ್ಕಿಯ ಎಳೆಯ ಪುಕ್ಕಕ್ಕೂ ಸಲ್ಲುತ್ತವೆ. ಕುದುರೆ, ಸಿಂಹಗಳ ಕತ್ತಿನದು ಜೂಲು, ಸಂಸ್ಕೃತದಲ್ಲಿ ಕೇಸರ. ಚಮರೀಮೃಗದ ಬಾಲದ ಕೂದಲಿನಿಂದ ಬಂದದ್ದು ಚಾಮರ, ಚೌರಿ. ದೇವರ ಮುಂದೆ ಬೀಸುವ ಚೌರಿಯ ಹೆಸರೇ ಹೆಂಗಸರು ಜಡೆ ಉದ್ದವಾಗಲೆಂದು ಸೇರಿಸಿಕೊಳ್ಳುವ ಕೂದಲಿಗೂ ಇದೆ: ‘ಗುಡಿಯಲ್ಲಿ ಬೀಸುವರು, ಜಡೆಗೆ ಸೇರಿಸುವರು (2)’. ಮುಳ್ಳುಹಂದಿಯ ಮುಳ್ಳೂ ಕೂದಲ ಜಾತಿಯದೇ. ಗಟ್ಟಿಯಾಗಿ, ಮೊನಚಾಗಿ ಬೆಳೆದಿದೆ, ಅಷ್ಟೆ. ಆದರೆ ಅದನ್ನು ಕೂದಲೆಂದು ಕರೆಯುವ ಧೈರ್ಯ ಕನ್ನಡಿಗರು ಮಾಡಿಲ್ಲ.

‘ಉಣ್ಣೆ’ ಪದ ಎರಡು ಮೂಲದ್ದು. ಸಂಸ್ಕೃತದ ಊರ್ಣಾ ಕನ್ನಡಕ್ಕೆ ಬಂದು ಉಣ್ಣೆಯಾಯಿತು. ದನದ ಮೈಗೆ ಕಚ್ಚಿ ರಕ್ತ ಹೀರುವ ಹುಳುವಿಗೂ ಕನ್ನಡದಲ್ಲಿ ಉಣ್ಣೆ ಎಂದೇ ಹೆಸರು. ಉಣ್ಣಿ, ಉಣುಗು ಎನ್ನುವುದೂ ಉಂಟು. ‘ಕುರಿಯ ಮೇಲಿದ್ದರೆ ಕತ್ತರಿಸುವರು, ಹಸುವಿನ ಮೇಲಿದ್ದರೆ ಕಿತ್ತೆಸೆಯುವರು (2)’ ಎಂಬ ಸುಳಿವನ್ನು ದನ ಕುರಿ ಎರಡನ್ನೂ ಕಂಡ ಜಗಳೂರಿನ ಹುಡುಗ ಪಟ್ಟಣದ ಪಂಡಿತನಿಗಿಂತ ಬೇಗ ಬಿಡಿಸಿಯಾನು.

ಬಯಲಿನ ಉಣ್ಣೆಯ ಕತೆ ಕಂಬಳಿಯದು. ಡೆಕ್ಕನಿ ತಳಿಯ ಕುರಿಗಳ ಉಣ್ಣೆ ಒರಟು, ಬಹುಪಾಲು ಕಪ್ಪು. ಮೃದುವಾದ ಶಾಲಿಗೆ ಬಾರದು, ಕಂಬಳಿಗೆ ಹೇಳಿ ಮಾಡಿಸಿದ್ದು. ಬಳ್ಳಾರಿ ತಳಿಯದೂ ಹೆಚ್ಚುಕಡಿಮೆ ಹೀಗೆಯೇ. ಕುರುಬರು ಕತ್ತರಿಸಿದ ಉಣ್ಣೆಯನ್ನು ಹಿಂಜಿ, ನೂತು, ನೂಲಿಗೆ ಹುಣಸೆಬೀಜದ ಸರಿ ಹಚ್ಚಿ ಬಿಗಿಗೊಳಿಸಿ ಮಗ್ಗಕ್ಕೆ ಏರಿಸುತ್ತಾರೆ. ಹಿಂಜಲು ಬೇಕಾದದ್ದು ಬಿಲ್ಲು. ನೇಯುವವನು ಕಾಲು ಇಳಿಬಿಟ್ಟು ಕೂರುವುದು ಕುಣಿಯಲ್ಲಿ, ಅದಕ್ಕೇ ಕುಣಿಮಗ್ಗ. ಬಿಲ್ಲು, ಕುಣಿ ಇವೆರಡೂ ಬೇಟೆಗಾರನ ಸಲಕರಣೆಗಳು ಕೂಡ. ಒಬ್ಬನ ಬಿಲ್ಲು ಉಣ್ಣೆ ಬಿಡಿಸುತ್ತದೆ, ಇನ್ನೊಬ್ಬನದು ಬಾಣ ಬಿಡುತ್ತದೆ. ಒಬ್ಬನ ಕುಣಿಯಲ್ಲಿ ಆಳು ಕೂರುತ್ತಾನೆ, ಇನ್ನೊಬ್ಬನ ಕುಣಿಗೆ ಪ್ರಾಣಿ ಬೀಳುತ್ತದೆ. ಎರಡು ಪದಕುಲಗಳ ನಿಜವಾದ ಸಂಧಿ ಇಲ್ಲಿದೆ.

ಜಗಳೂರಿನ ನೆರೆಯ ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ಮಳೆಯಲ್ಲಿ ಕುರಿ ಕಾಯುವವನು ಕಂಬಳಿಯನ್ನು ಮಡಿಸಿ ತಲೆಯಿಂದ ಬೆನ್ನಿಗೆ ಇಳಿಬಿಟ್ಟರೆ ಅದು ಕೊಪ್ಪೆ. ಪಂಚಾಯಿತಿಗೆ, ದೇವರ ಕಾರ್ಯಕ್ಕೆ ಹಾಸಿದರೆ ಗದ್ದುಗೆ. ಕಂಬಳಿಯಲ್ಲಿ ಬುತ್ತಿ ಕಟ್ಟಿಕೊಂಡವನು ಕೂದಲು ಸಿಕ್ಕಿತೆಂದು ಗೊಣಗಬಾರದು ಎನ್ನುವ ಅರ್ಥದ ಗಾದೆಯೂ ಇದೆ. ಶೇಂಗಾ ಹೊಲಕ್ಕೆ ಬೀಳುವ ರೋಮಭರಿತ ಹುಳುವಿಗೂ ಕಂಬಳಿಹುಳು ಎಂದೇ ಹೆಸರು. ಮುಟ್ಟಿದವರಿಗೆ ತುರಿಕೆ, ಹೊಲದವನಿಗೆ ನಷ್ಟ. ಕಂಬಳಿಗೆ ಒಂದು ಚಂದದ ಸುಳಿವು ಹೀಗಿರಬಹುದು: ‘ಕರಾವಳಿಯ ಕೋಣಗಳ ಓಟಕ್ಕೆ ಕೊನೆಯಲ್ಲಿ ಗುಡಿಸು ಕೊಟ್ಟರೆ ಹೊದೆಯಬಹುದು (3)’. ಕಂಬಳಕ್ಕೆ ಇಕಾರ ಸೇರಿದರೆ ಕಂಬಳಿ. ಗುಡಿಸು, ಕೊಂಬು, ಏತ್ವಗಳನ್ನು ಬಳಸುವ ಇಂಥ ಸುಳಿವುಗಳು ಕಾಗುಣಿತವುಳ್ಳ ಕನ್ನಡದಂಥ ಲಿಪಿಗಳಿಗೆ ಒದಗುವ ಚಮತ್ಕಾರ. ಕಾಗುಣಿತ ಮರೆತವರು ಇಲ್ಲಿ ಸೋಲುತ್ತಾರೆ.

ಕುರುಬರಲ್ಲಿ ಉಣ್ಣೆಕಂಕಣ, ಹತ್ತಿಕಂಕಣ ಎಂಬ ಒಳಪಂಗಡಗಳಿವೆ, ಮದುವೆಯಲ್ಲಿ ಕಟ್ಟುವ ಕಂಕಣದ ದಾರ ಯಾವುದೆಂಬುದರ ಮೇಲೆ. ಅತ್ತ ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸಬೇಡರು ಹೆಸರಿನಲ್ಲಿ ಬೇಟೆಯನ್ನು ಇಟ್ಟುಕೊಂಡೂ ದನ ಮೇಯಿಸುತ್ತ ಬಂದವರು. ದೇವರ ಎತ್ತುಗಳನ್ನು ಕಾಯುವ ಕಿಲಾರಿಗೆ ಅವರಲ್ಲಿ ವಿಶೇಷ ಸ್ಥಾನ. ಬೇಟೆಯ ಕುಲವೇ ಪಶುಪಾಲನೆಗೆ ಹೊರಳಿದ ಈ ಸೀಮೆಯಲ್ಲಿ ತುಪ್ಪಳದ ವ್ಯಾಪಾರ ಹುಟ್ಟದಿದ್ದುದು ಅಚ್ಚರಿಯಲ್ಲ.

ತೊಗಲಿನ ಪದಗಳು ಮಠ ಮಂದಿರಗಳ ಕಡೆಯಿಂದ ಬಂದವು. ಅಜಿನ ಎಂದರೆ ಕೂದಲು ಸಹಿತವಾದ ತೊಗಲು; ಕೃಷ್ಣಮೃಗದ್ದು ಕೃಷ್ಣಾಜಿನ, ಬ್ರಹ್ಮಚಾರಿಗೂ ತಪಸ್ವಿಗೂ ಆಸನ. ಮಾತಿನಲ್ಲಿ ಯಾರೂ ಬಳಸದ ಅಜಿನ ಪದಬಂಧದಲ್ಲಿ ಮಾತ್ರ ಚಿರಂಜೀವಿ. ಆನೆಯ ತೊಗಲು ಹೊದ್ದ ಶಿವ ಕೃತ್ತಿವಾಸ (4). ಇದೇ ಜಿಲ್ಲೆಯ ಹರಿಹರದ ಹರಿಹರೇಶ್ವರ, ಅರ್ಧ ಪೀತಾಂಬರದ ವಿಷ್ಣು, ಅರ್ಧ ತೊಗಲುಡುಗೆಯ ಶಿವ. 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಮೈಲಾರಲಿಂಗನ ಒಕ್ಕಲಾದ ಗೊರವರು ಕರಿಕಂಬಳಿ ತೊಡುತ್ತಾರೆ. ಹಳೇ ಮೈಸೂರಿನ ಕಡೆ ಗೊರವರ ತಲೆಯ ಮೇಲೆ ಕರಡಿಕೂದಲ ಕುಲಾವಿ. ಕುರಿಯ ಉಣ್ಣೆಯೂ ಕಾಡಿನ ತುಪ್ಪಳವೂ ಒಬ್ಬನ ಮೈಮೇಲೆ ಒಟ್ಟಿಗೆ ಕಾಣುವುದು ಅಲ್ಲೇ. ಬೇಟೆಯ ನೆನಪಿಗೆ ತೊಗಲು ಕಾಪಿಡುವ ಚಟ ದೊರೆಗಳದು, ದೊರೆಸಾನಿಗಳದು, ಬ್ರಿಟಿಷ್ ಅಧಿಕಾರಿಗಳದು. ಅವರಿಗಾಗಿ ಹುಲಿ ಚಿರತೆಗಳ ತೊಗಲು ತುಂಬಿ ಕೊಟ್ಟ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ 1990ರ ದಶಕದ ಕೊನೆಯವರೆಗೂ ನಡೆಯಿತು.

ಇನ್ನು ಹಿಡಿಯುವ ಮಾತು. ಬಲೆ ಹರಡುವಂಥದ್ದು, ಉರುಲು ಬಿಗಿಯುವಂಥದ್ದು, ಬೋನು ಮುಚ್ಚುವಂಥದ್ದು. ಎಳೆದಷ್ಟೂ ಬಿಗಿಯುವ ಗಂಟು ಜೀರುಗುಣಿಕೆ. ಕೆರೆಯ ಮೀನಿಗೆ ಬೀಸುಬಲೆ, ಮಲೆನಾಡಿನ ಹಳ್ಳದ ಮೀನಿಗೆ ಕೂಳಿ, ಕೊಂಬೆಯ ಹಕ್ಕಿಗೆ ಆಲದ ಹಾಲಿನ ಅಂಟು. ಮನೆಯೊಳಗಿನ ಇಲಿಗೆ ಬೋನು. ಕನ್ನಡ ಕುಟುಂಬಗಳಲ್ಲಿ ಇಂದಿಗೂ ದಿನನಿತ್ಯ ಬಳಕೆಯಲ್ಲಿರುವ ಬೇಟೆಯ ಸಲಕರಣೆ ಬಹುಶಃ ಅದೊಂದೇ. ಹಳಗನ್ನಡದಲ್ಲಿ ಬೇಟೆ ಇನ್ನೂ ಬೇಂಟೆ. ಪ್ರಾಣಿಗಳನ್ನು ಬೆದರಿಸಿ ಅಟ್ಟುವುದು ಸೋಹು. ಕಾಡಿನ ಮಿಗಗಳನ್ನು ಸೆಳೆಯಲು ಸಾಕಿ ಪಳಗಿಸಿದ ಮಿಗ ದೀಹ ಅಥವಾ ದೀವ. ದೀಹದ ಕಲ್ಪನೆ ಕ್ರೂರವೂ ಹೌದು, ಚತುರವೂ ಹೌದು: ಜಿಂಕೆಯನ್ನು ಹಿಡಿಯಲು ಜಿಂಕೆಯನ್ನೇ ಬಿಡುವುದು. ‘ಕುಣಿತದ ಕೊನೆ ಬದಲಾದರೆ ಕೊರಳು ಬಿಗಿದೀತು (3)’ ಎಂದರೆ ಕುಣಿಕೆ.

ಈ ಕಲೆಯಲ್ಲಿ ಪಳಗಿದವರ ವಂಶಸ್ಥರು ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳದಲ್ಲಿದ್ದಾರೆ. ಅವರನ್ನು ಕನ್ನಡಿಗರು ಹಕ್ಕಿಪಿಕ್ಕಿ ಎಂದು ಕರೆದರು, ಹಕ್ಕಿ ಹಿಡಿಯುವವರು ಎಂಬ ಅರ್ಥದಲ್ಲಿ. ಮನೆಯೊಳಗೆ ಅವರಾಡುವ ಮಾತು ವಾಗ್ರಿ, ಗುಜರಾತಿಗೆ ಹತ್ತಿರದ ಭಾಷೆ. ಸಂಸ್ಕೃತದಲ್ಲಿ ವಾಗುರಾ ಎಂದರೆ ಬಲೆ; ಅಮರಕೋಶ ಬಲೆ ಹಾಕುವವನಿಗೆ ವಾಗುರಿಕ, ಜಾಲಿಕ ಎಂಬೆರಡು ಹೆಸರು ಕೊಡುತ್ತದೆ. ವಾಗ್ರಿ ಎಂಬ ಹೆಸರನ್ನು ಈ ವಾಗುರೆಗೆ ಜೋಡಿಸುವುದು ವಾಡಿಕೆ. ಉತ್ತರ ಕರ್ನಾಟಕದಲ್ಲಿ ಇಂಥದೇ ಕಸುಬಿನವರಿಗೆ ಹರಣಶಿಕಾರಿ, ಅಡವಿಚಿಂಚರ್, ಪಾರ್ದಿ, ಫಾಸೆಪಾರ್ದಿ ಎಂದು ಹಲವು ಹೆಸರು. ರಾಜ್ಯದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಇವೆಲ್ಲ ಒಂದೇ ಸಾಲಿನಲ್ಲಿವೆ. ಹರಣ ಎಂದರೆ ಜಿಂಕೆ, ಪಾರಧ ಎಂದರೆ ಬೇಟೆ, ಫಾಸೆ ಎಂದರೆ ಕುಣಿಕೆ. ಸರ್ಕಾರಿ ಪಟ್ಟಿಯ ಆ ಒಂದು ಸಾಲೇ ಅರ್ಧ ಪದಬಂಧ.

ಈ ಬೇಟೆಗಾರರ ಉರುಲು ಹಲವು ಕಡೆ ಕುದುರೆಬಾಲದ ಕೂದಲಿನದು. ಕೌಜುಗ, ಲಾವುಗೆಗಳು ಓಡಾಡುವ ಜಾಡಿನಲ್ಲಿ ಸಣ್ಣ ಗೂಟಗಳ ಸಾಲು ನೆಟ್ಟು, ಒಂದೊಂದಕ್ಕೂ ಕೂದಲ ಕುಣಿಕೆ ಕಟ್ಟುವುದು. ಹಕ್ಕಿಗಳನ್ನು ಮೆಲ್ಲಗೆ ಆ ಕಡೆ ಅಟ್ಟುವುದು. ಕೂದಲು ಹಗುರ, ಕಣ್ಣಿಗೆ ಬೀಳದು, ಸೆಟೆದು ನಿಲ್ಲುತ್ತದೆ, ಸುಲಭಕ್ಕೆ ಹರಿಯದು. ಚಳಿನಾಡಿನಲ್ಲಿ ಬೋನಿಟ್ಟು ತುಪ್ಪಳ ಗಳಿಸಿದರೆ ಇಲ್ಲಿ ಕೂದಲಿನಿಂದಲೇ ಉರುಲು ಮಾಡಿದರು. ವ್ಯವಹಾರ ಪೂರ್ತಿ ತಿರುಗುಮುರುಗು.

ಬೇಟೆ ನಿಂತ ಮೇಲೆ ಈ ಜನ ಗಿಡಮೂಲಿಕೆ, ತೈಲ ಹಿಡಿದು ದೇಶಾಂತರ ಹೊರಟರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಹತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡನಾಡಿನ ಹಕ್ಕಿಪಿಕ್ಕಿಗಳಲ್ಲಿ ಚನ್ನಗಿರಿ ತಾಲ್ಲೂಕಿನವರೂ ಇದ್ದರು. ‘ಆಪರೇಷನ್ ಕಾವೇರಿ’ಯ ಹಡಗು, ವಿಮಾನಗಳಲ್ಲಿ ಅವರು ಮರಳಿದರು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳ ತಲೆಗೂದಲ ಎಣ್ಣೆ ಮೊಬೈಲ್ ಪರದೆಗಳಲ್ಲಿ ದೇಶಕ್ಕೆಲ್ಲ ಪರಿಚಯವಾಗಿದೆ. ಕೂದಲ ಕುಣಿಕೆಯಿಂದ ಕೂದಲ ಎಣ್ಣೆಗೆ ಬಂದ ಈ ತಿರುವಿಗೆ ಸುಳಿವು ಕಟ್ಟುವುದು ನುರಿತ ಪದಬಂಧಕಾರನಿಗೂ ಸವಾಲು.

ದೊಡ್ಡ ಪ್ರಾಣಿಗಳ ಮಾತು ಬೇರೆ. ಆನೆಗೆ ಮೊದಲು ಕುಣಿ ತೋಡುತ್ತಿದ್ದರು, ಆಮೇಲೆ ಬಂದದ್ದು ಹಿಂಡನ್ನೇ ಅಟ್ಟಿ ಆವರಣದೊಳಗೆ ಕೂಡುವ ಖೆಡ್ಡಾ. ಬ್ರಿಟಿಷ್ ಅಧಿಕಾರಿ ಜಿ.ಪಿ. ಸ್ಯಾಂಡರ್‌ಸನ್ 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಇದನ್ನು ನೆಲೆಗೊಳಿಸಿದ. ಹುಲಿಯನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಹಳ್ಳಿಗರ ಪದ್ಧತಿಯನ್ನೂ ಅವನು 1878ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ. ಚನ್ನಗಿರಿಯ ಪಕ್ಕದ ಹೊಳಲ್ಕೆರೆ, ಹೊಸದುರ್ಗದ ನರಭಕ್ಷಕ ಹುಲಿಯ ಕತೆ ಬೇಟೆಗಾರ ಲೇಖಕ ಕೆನೆತ್ ಆಂಡರ್‌ಸನ್‌ನ 1954ರ ಪುಸ್ತಕದಲ್ಲಿದೆ. ಈಗ ಪತ್ರಿಕೆಗಳಲ್ಲಿ ಕಾಣುವ ಪದ ‘ಸೆರೆ’. 2023ರ ಏಪ್ರಿಲ್‌ನಲ್ಲಿ ಚನ್ನಗಿರಿ ತಾಲ್ಲೂಕಿನಲ್ಲಿ ಯುವತಿಯೊಬ್ಬಳನ್ನು ಕೊಂದ ಕಾಡಾನೆಯನ್ನು ಹಿಡಿಯಲು ಸಕ್ರೆಬೈಲಿನ ಸಾಕಾನೆಗಳು ಬಂದವು. ಅರಿವಳಿಕೆ ಮದ್ದು ಹೊಡೆಯುವ ಆ ಕಾರ್ಯಾಚರಣೆಯಲ್ಲಿ ಪಶುವೈದ್ಯರೊಬ್ಬರು ಗಾಯಗೊಂಡರು. ಅರಿವಳಿಕೆ, ರೇಡಿಯೊ ಕಾಲರ್ ಇವು ಈ ಕಸುಬಿನ ಹೊಸ ಪದಗಳು. ಚಿರತೆಗೆ ಮಾತ್ರ ಇನ್ನೂ ಬೋನೇ, ಅದರೊಳಗೆ ಇನ್ನೂ ನಾಯಿಯೇ.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಲ್ಲಿ ವನ್ಯಜೀವಿಧಾಮವಾಯಿತು, ಸುಮಾರು 77 ಚದರ ಕಿಲೋಮೀಟರ್. ಅದು ಕೊಂಡುಕುರಿಗಾಗಿ ಮೀಸಲಾದ ಧಾಮ. ಕೊಂಡುಕುರಿ ಹೆಸರಿನಲ್ಲಿ ಕುರಿ, ಜಾತಿಯಲ್ಲಿ ಎರಳೆಗಳ ನೆಂಟ. ಗಂಡಿನ ತಲೆಯ ಮೇಲೆ ಎರಡು ಜೊತೆ ಕೊಂಬು. ಭಾರತ ಮತ್ತು ನೇಪಾಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಕಂದು ಬಣ್ಣದ ಒರಟು ಕೂದಲು ಒಣಹುಲ್ಲಿನಲ್ಲಿ ಬೆರೆತುಹೋಗುತ್ತದೆ. ‘ದುಡ್ಡು ಕೊಟ್ಟು ತಂದಂತೆ ಕೇಳುವ, ಉಣ್ಣೆ ಕೊಡದ ಕುರಿ (4)’. ಈ ಪದದ ಮೂರನೆಯ ಮನೆಯಿಂದ ಕೆಳಕ್ಕೆ ‘ಕುಣಿಕೆ’ ಇಳಿಯುತ್ತದೆ. ಕಾಗದದ ಮೇಲಿನ ಆ ಸಂಧಿ ಕಾಡಿನಲ್ಲಿ ನಡೆಯಬಾರದೆಂಬುದೇ ಧಾಮದ ಉದ್ದೇಶ. ಕರ್ನಾಟಕದ ಹಲವೆಡೆ ಕಾಡಂಚಿನ ಹೊಲ ತೋಟಗಳಲ್ಲಿ ಕಾಡುಹಂದಿಗೆಂದು ಕಟ್ಟಿದ ಕ್ಲಚ್ ವೈರಿನ ಉರುಲಿಗೆ ಚಿರತೆ, ಕರಡಿಗಳು ಬೀಳುತ್ತವೆ. ಉರುಲಿಗೆ ಹಂದಿ ಯಾವುದು, ಚಿರತೆ ಯಾವುದು ಎಂಬ ಭೇದವಿಲ್ಲ.

ಕಾನೂನಿಗೆ ಕೊಲ್ಲುವುದು, ಹಿಡಿಯುವುದು ಎಂಬ ಭೇದವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆಯ ಅರ್ಥ ಕೊಲ್ಲುವುದಕ್ಕೆ ಮುಗಿಯುವುದಿಲ್ಲ; ವಿಷವಿಡುವುದು, ಸೆರೆಹಿಡಿಯುವುದು, ಉರುಲು ಹಾಕುವುದು, ಬೋನಿಡುವುದು, ಅಟ್ಟುವುದು, ಎರೆ ಹಾಕುವುದು, ಇವುಗಳ ಪ್ರಯತ್ನ ಕೂಡ ಬೇಟೆಯೇ. ಹಳಗನ್ನಡದ ಸೋಹು, ದೀಹಗಳ ಕೆಲಸವೆಲ್ಲ ಈ ಒಂದು ವ್ಯಾಖ್ಯೆಯಲ್ಲಿ ಅಪರಾಧವಾಗಿ ಸೇರಿಹೋಗಿದೆ. ಕಾಡುಪ್ರಾಣಿಯ ತೊಗಲು, ಕೂದಲು, ಉಗುರು, ಕೊಂಬು ಕೂಡ ಕಾಯಿದೆಯ ಹಿಡಿತದಲ್ಲಿವೆ. ಚಿತ್ರ ಬರೆಯುವ ಕುಂಚಕ್ಕಾಗಿ ಮುಂಗುಸಿಯನ್ನು ಹಿಡಿದು ಕೊಂದು ಕೂದಲು ಕೀಳುವುದೂ ನಿಷಿದ್ಧ. ಕೂದಲಿಗಾಗಿಯೇ ನಡೆಯುವ ಬೇಟೆಗೆ ನಮ್ಮಲ್ಲಿ ಉದಾಹರಣೆ ಬೇಕೆಂದರೆ ಈ ಕಳ್ಳವ್ಯಾಪಾರವನ್ನು ತೋರಿಸಬಹುದು.

ಇನ್ನೊಂದು ಉದಾಹರಣೆ ನೀರಿನದು. ಹೊನ್ನಾಳಿಯನ್ನು ಬಳಸಿ ಹರಿಯುವ ತುಂಗಭದ್ರೆ ಕೆಳಗೆ ಹೋಗಿ ನೀರುನಾಯಿಗಳ ನೆಲೆಯಾಗುತ್ತದೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ನೀರಿನಲ್ಲಿ ಮೈ ಬೆಚ್ಚಗಿಡಲು ನೀರುನಾಯಿಗೆ ಕೊಬ್ಬಿನ ಹೊದಿಕೆಯಿಲ್ಲ, ಇರುವುದು ಎರಡು ಪದರದ ದಟ್ಟ ತುಪ್ಪಳ. ಅದೇ ಅದಕ್ಕೆ ಮುಳುವು. 2003ರಲ್ಲಿ ಟಿಬೆಟ್ಟಿನ ಸಂಗ್‌ಸಂಗ್‌ನಲ್ಲಿ ಒಂದೇ ಲಾರಿಯಿಂದ 31 ಹುಲಿ, 581 ಚಿರತೆ ಮತ್ತು 778 ನೀರುನಾಯಿಗಳ ತೊಗಲು ಸಿಕ್ಕವು. 2006ರಲ್ಲಿ ಆಂಧ್ರದ ಅಮರಾವತಿಯಲ್ಲಿ ದಲೈ ಲಾಮಾ ತಮ್ಮ ಜನರಿಗೆ ಇಂಥ ತೊಗಲು ತೊಡಬೇಡಿರೆಂದು ಹೇಳಿದ ಮೇಲೆ ಟಿಬೆಟಿಯನ್ನರು ಹಬ್ಬದುಡುಗೆಗಳ ತುಪ್ಪಳವನ್ನೇ ಕಿತ್ತು ಬೆಂಕಿಗೆ ಹಾಕಿದರು.

ಕಾಡಿನಲ್ಲಿ ಬಲೆಗೆ ನಿಷೇಧ ಬಂದ ಮೇಲೆ ಪತ್ರಿಕೆಯ ತಲೆಬರಹಗಳಲ್ಲಿ ಅದಕ್ಕೆ ಹೊಸ ಬೆಳೆ. ಲಂಚ ಪಡೆದವರು ‘ಲೋಕಾಯುಕ್ತ ಬಲೆಗೆ’ ಬೀಳುತ್ತಾರೆ, ಕಳ್ಳರು ‘ಪೊಲೀಸರ ಬಲೆಗೆ’. ಜಾಲವಂತೂ ಜಾಲತಾಣ, ಅಂತರ್ಜಾಲ, ವಂಚನೆಯ ಜಾಲ ಎಂದು ಬೀಸಿಕೊಂಡೇ ಇದೆ. 1968ರ ರಾಜ್‌ಕುಮಾರ್ ಚಿತ್ರ ‘ಜೇಡರ ಬಲೆ’ ಪದಬಂಧದ ಸಿನಿಮಾ ಸುಳಿವಿಗೆ ಹೇಳಿ ಮಾಡಿಸಿದ ಉತ್ತರ. ಇತ್ತೀಚೆಗೆ ಸೇರಿದ ಹನಿಟ್ರ್ಯಾಪ್ ಮಾತ್ರ ಪದಬಂಧಕ್ಕೆ ಒಗ್ಗದು: ನಾಲ್ಕನೆಯ ಮನೆಯಲ್ಲಿ ಬರುವ ಅರ್ಧಾಕ್ಷರಕ್ಕೆ ಕೆಳಗಿನಿಂದ ಜೊತೆಯಾಗುವ ಕನ್ನಡ ಪದ ಸಿಗುವುದು ಕಷ್ಟ. ಬಲೆ, ಉರುಲು, ಬೋನುಗಳಿಗೆ ಆ ತೊಡಕಿಲ್ಲ.